ಲೊಕ್ಕಿಗುಂಡಿ: ಒಬ್ಬ ದಾನಿಯ ಬೆಳಕಿನಲ್ಲಿ ಒಂದು ನಗರ

ಗದಗಿಗೆ ಸಮೀಪದ ಇಂದಿನ ಲಕ್ಕುಂಡಿಯೇ ಶಾಸನಗಳ ಲೊಕ್ಕಿಗುಂಡಿ. 12ನೆಯ ಶತಮಾನದ ಕೊನೆಯ ದಶಕದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನಿಗೆ ಇದು ನೆಲೆವೀಡಾಗಿತ್ತು. ಊರಿನ ಹಿರಿಮೆಯನ್ನು ಈ ರಾಜಧಾನಿಯ ಪಟ್ಟದಿಂದಲೇ ಅಳೆಯುವ ರೂಢಿಯಿದೆ. ಆದರೆ ಅರಸನು ಬರುವ ವೇಳೆಗೆ ನಗರವು ಬೆಳೆದು ನಿಂತಿತ್ತು. ಅದನ್ನು ಅರಿಯಲು ನಾವು ಅತ್ತಿಮಬ್ಬೆಯ ಕಾಲಕ್ಕೆ ಹೋಗಬೇಕು.

ಅತ್ತಿಮಬ್ಬೆ ಮಲ್ಲಪನ ಮಗಳು. ಚಾಲುಕ್ಯ ತೈಲಪನ ಆಸ್ಥಾನದ ನಾಗದೇವನ ಮಡದಿ. ನಾಗದೇವನು ಮಡಿದಾಗ ಅವನ ಇನ್ನೊಬ್ಬ ಮಡದಿಯೂ ಅತ್ತಿಮಬ್ಬೆಯ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕುವುದನ್ನು ಆರಿಸಿಕೊಂಡಳು. ವ್ರತನಿಷ್ಠೆಯಲ್ಲಿದ್ದು ಮಗ ಅಣ್ಣಿಗದೇವನನ್ನು ಬೆಳೆಸಿದಳು. ಒಂದೇ ಮನೆಯ ಈ ಎರಡು ನಿರ್ಧಾರಗಳಲ್ಲಿ ಎರಡನೆಯದು ಕನ್ನಡ ಸಾಹಿತ್ಯಚರಿತ್ರೆಯ ಗತಿಯನ್ನೇ ಪ್ರಭಾವಿಸಿತು.

ಆಕೆಯ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಆಕೆ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಕಾವ್ಯವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪ ಹಾಗೂ ಅವನ ಸೋದರ ಪುನ್ನಮಯ್ಯ. ತವರಿನವರು ಕವಿಗೆ ಆಶ್ರಯವಿತ್ತರೆ, ಮಗಳು ಕಾವ್ಯಕ್ಕೆ ಓದುಗರನ್ನು ಒದಗಿಸಿದಳು. ಓಲೆಗರಿಯ ಗ್ರಂಥಕ್ಕೆ ಪ್ರತಿಯೇ ಆಯುಷ್ಯ. ಸಂಖ್ಯೆಯನ್ನು ಗೌರವಸೂಚಕವೆಂದೇ ತಿಳಿದರೂ, ಗ್ರಂಥದಾನವನ್ನು ಜಿನಪೂಜೆಯಷ್ಟೇ ಪವಿತ್ರವೆಂದು ಕಂಡ ಮನೋಧರ್ಮ ಅದರಲ್ಲಿ ಸ್ಪಷ್ಟವಾಗಿದೆ.

1007ರಲ್ಲಿ, ಸತ್ಯಾಶ್ರಯನ ಆಳ್ವಿಕೆಯಲ್ಲಿ, ಆಕೆ ಲೊಕ್ಕಿಗುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಇಂದು ಬ್ರಹ್ಮಜಿನಾಲಯವೆಂದು ಹೆಸರಾದ ಈ ಕಟ್ಟಡ ಊರಿನ ಉಳಿದ ದೇಗುಲಗಳಿಗಿಂತ ಹಳೆಯದೆಂದು ಪರಿಗಣಿತವಾಗಿದೆ. ಅಲ್ಲಿಯ ಶಾಸನ ಆಕೆಯ ಗುಣಗಳನ್ನು ಕೊಂಡಾಡುತ್ತದೆ. ಹೀಗೆ ಒಬ್ಬ ವ್ಯಕ್ತಿಗೆ ಕಾವ್ಯ ಮತ್ತು ಶಿಲೆ ಎರಡೂ ಸಾಕ್ಷಿ ನುಡಿಯುವುದು ನಮ್ಮ ಚರಿತ್ರೆಯಲ್ಲಿ ವಿರಳ. ಸಂಶೋಧಕರು ಇವೆರಡನ್ನೂ ಎದುರುಬದುರಾಗಿಟ್ಟು ಓದಬೇಕು.

ಇಂಥ ನಿರ್ಮಾಣಕ್ಕೆ ಹಣ, ಕಲ್ಲುಕುಟಿಗರು, ಲಿಪಿಕಾರರು ಬೇಕು. ಲೊಕ್ಕಿಗುಂಡಿಯಲ್ಲಿ ಟಂಕಸಾಲೆಯಿತ್ತು, 'ಲೊಕ್ಕಿ ಗದ್ಯಾಣ'ವೆಂಬ ಹೊನ್ನಿನ ನಾಣ್ಯ ಊರಿನ ಹೆಸರನ್ನೇ ಹೊತ್ತು ಚಲಾವಣೆಯಲ್ಲಿತ್ತು. ನಾಣ್ಯ ಸಂಪತ್ತನ್ನು ಸೂಚಿಸಿದರೆ, ಆ ಸಂಪತ್ತು ಏನಾಗಬೇಕೆಂಬುದನ್ನು ಬಸದಿ ತೋರಿಸುತ್ತದೆ.

ದಾನಚಿಂತಾಮಣಿಯೆಂಬ ಬಿರುದನ್ನು ನಾವು ವ್ಯಕ್ತಿಸ್ತುತಿಯಾಗಿ ಮಾತ್ರ ಓದುತ್ತ ಬಂದಿದ್ದೇವೆ. ಅದನ್ನು ನಗರಚರಿತ್ರೆಯ ಆಕರವಾಗಿಯೂ ಓದಿದರೆ, ಹೆಸರಿಲ್ಲದ ಆ ಶಿಲ್ಪಿಗಳೂ ಲಿಪಿಕಾರರೂ ಲೊಕ್ಕಿಗುಂಡಿಯ ನಿವಾಸಿಗಳ ಸಾಲಿನಲ್ಲಿ ಕಾಣಿಸಿಕೊಳ್ಳುತ್ತಾರೆ.