ಒಳಾಂಗಣ ರೋಯಿಂಗ್ ಯಂತ್ರ: ಸಾಧನೆಯ ಗುರಿ ನಿಗದಿ ಮತ್ತು ಪರಿಷ್ಕರಣೆ
(ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಜೂನ್ ತಿಂಗಳಿನಿಂದ ಮುಂಗಾರು ಮಳೆಯು ಬಿರುಸಾಗುತ್ತದೆ. ಸಮುದ್ರವು ಪ್ರಕ್ಷುಬ್ಧವಾಗಿದ್ದು, ಕಾಳಿ ಮತ್ತು ಗಂಗಾವಳಿ ನದಿಗಳು ತುಂಬಿ ಹರಿಯುತ್ತವೆ. ಕಡಲತೀರದ ಓಟ ಹಾಗೂ ಮೈದಾನದ ಅಭ್ಯಾಸಗಳು ಬಹುತೇಕ ಸ್ಥಗಿತಗೊಳ್ಳುತ್ತವೆ. ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ದೋಣಿಯಲ್ಲಿ ದುಡಿಯುವ ಅನೇಕರಿಗೂ ಇದು ಬಿಡುವಿನ ಕಾಲವಾಗಿರುತ್ತದೆ. ಈ ಅವಧಿಯಲ್ಲಿ ಸೂರಿನಡಿ ಕುಳಿತು ಇಡೀ ದೇಹಕ್ಕೆ ವ್ಯಾಯಾಮ ನೀಡಬಲ್ಲ ಸಾಧನಗಳಲ್ಲಿ ರೋಯಿಂಗ್ ಯಂತ್ರವೂ ಒಂದು.

ವ್ಯಾಯಾಮಶಾಲೆಗೆ ಸೇರಿದ ಮೊದಲ ವಾರದಲ್ಲಿಯೇ ಪಕ್ಕದವರ ಸಮಯವನ್ನು ತಮ್ಮ ಗುರಿಯೆಂದು ಇಟ್ಟುಕೊಂಡು, ಮಿತಿಮೀರಿ ಎಳೆದರೆ ಸೊಂಟದ ನೋವು ಉಂಟಾಗುವ ಸಂಭವವಿರುತ್ತದೆ. ಆಗಸ್ಟ್ 1ರಂದು ದೋಣಿ ಹತ್ತಬೇಕಾದವರಿಗೆ, ಕೂಲಿ ಕೆಲಸದಿಂದ ಜೀವನ ಸಾಗಿಸುವವರಿಗೆ ಮತ್ತು ನೇಮಕಾತಿಯ ದೈಹಿಕ ಪರೀಕ್ಷೆಗೆ ಹಾಜರಾಗಬೇಕಾದ ಯುವಜನರಿಗೆ ಇಂತಹ ನೋವು ಒಂದು ಹಂಗಾಮಿನ ಗಳಿಕೆಯನ್ನೇ ಅಥವಾ ಒಂದು ವರ್ಷದ ಅವಕಾಶವನ್ನೇ ಕಳೆಯಬಹುದು. ಆದ್ದರಿಂದ ಗುರಿಯನ್ನು ಇನ್ನೊಬ್ಬರ ಅಂಕಿಯಿಂದ ನಿಗದಿಪಡಿಸದೆ, ತಮ್ಮದೇ ಅಳತೆಯಿಂದ ನಿಗದಿಪಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2. ಯಂತ್ರದ ಪರಿಚಯ

2.1 ಇಂದು ಹೆಚ್ಚು ಬಳಕೆಯಲ್ಲಿರುವ ಗಾಳಿಗಾಲಿಯ ಯಂತ್ರಗಳಲ್ಲಿ ಪ್ರಮುಖವಾದುದು ಕಾನ್ಸೆಪ್ಟ್2. ಅಮೆರಿಕದ ಡ್ರೈಸಿಗೇಕರ್ ಸಹೋದರರು ಸೈಕಲ್ ಗಾಲಿಯನ್ನು ಬಳಸಿ ರೂಪಿಸಿದ ಇದರ ಮೊದಲ ಮಾದರಿಯು 1981ರಲ್ಲಿ ಬಂದಿತು. ಹಿಡಿಕೆಯನ್ನು ಎಳೆದಾಗ ಗಾಲಿ ತಿರುಗುತ್ತದೆ. ಗಾಳಿಯು ಅದನ್ನು ತಡೆಯುತ್ತದೆ. ಎಷ್ಟು ಬಲವಾಗಿ ಎಳೆಯಲಾಗುತ್ತದೆಯೋ ಅಷ್ಟೇ ತಡೆಯೂ ಹೆಚ್ಚುತ್ತದೆ.

2.2 ಪರದೆಯ ಮೇಲೆ ನಾಲ್ಕು ಮುಖ್ಯ ಅಂಕಿಗಳು ಕಾಣುತ್ತವೆ: ಕ್ರಮಿಸಿದ ದೂರ, ಪ್ರತಿ 500 ಮೀಟರಿಗೆ ತಗಲುವ ಸಮಯ, ನಿಮಿಷಕ್ಕೆ ಎಳೆತಗಳ ಸಂಖ್ಯೆ ಮತ್ತು ವ್ಯಾಟ್‌ಗಳಲ್ಲಿ ಶಕ್ತಿ. ಈ ಬಗೆಯ ಯಂತ್ರಕ್ಕೆ ವಿದ್ಯುತ್ ಸಂಪರ್ಕ ಬೇಕಿಲ್ಲ. ಪರದೆಯು ಬ್ಯಾಟರಿಯಿಂದ ನಡೆಯುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಕಡಿತವಾದರೂ ಅಭ್ಯಾಸಕ್ಕೆ ಅಡ್ಡಿಯಾಗುವುದಿಲ್ಲ.

2.3 ಗಾಲಿಯ ಪಕ್ಕದಲ್ಲಿರುವ, 1ರಿಂದ 10ರವರೆಗೆ ಗುರುತುಗಳುಳ್ಳ ಸನ್ನೆಗೆ ಡ್ಯಾಂಪರ್ ಎನ್ನುತ್ತಾರೆ. ಇದು ಒಳಗೆ ಹೋಗುವ ಗಾಳಿಯ ಪ್ರಮಾಣವನ್ನು ನಿಯಂತ್ರಿಸುತ್ತದೆಯೇ ಹೊರತು ಸಾಧನೆಯ ಮಟ್ಟವನ್ನು ಸೂಚಿಸುವುದಿಲ್ಲ. 10ರಲ್ಲಿ ಇಟ್ಟು ಎಳೆಯುವವರು ಹೆಚ್ಚು ಬಲಶಾಲಿಗಳೆಂಬ ತಿಳಿವಳಿಕೆಯು ಸರಿಯಲ್ಲ. ಹೊಸಬರು 3ರಿಂದ 5ರ ನಡುವೆ ಇಟ್ಟುಕೊಳ್ಳುವುದು ಸೂಕ್ತ.

2.4 ಎಳೆತದ ಕ್ರಮ: ಮೊದಲು ಕಾಲುಗಳಿಂದ ಪಾದಪಟ್ಟಿಯನ್ನು ಒತ್ತುವುದು, ನಂತರ ಸೊಂಟದಿಂದ ತುಸು ಹಿಂದಕ್ಕೆ ವಾಲುವುದು, ಕೊನೆಗೆ ತೋಳುಗಳಿಂದ ಹಿಡಿಕೆಯನ್ನು ಎದೆಯ ಕೆಳಭಾಗಕ್ಕೆ ತರುವುದು. ಮರಳುವಾಗ ಇದೇ ಕ್ರಮವು ತಿರುಗುಮುರುಗಾಗಿ ನಡೆಯತಕ್ಕದ್ದು: ತೋಳು, ಸೊಂಟ, ಕಾಲು. ಬೆನ್ನನ್ನು ಗೂನು ಮಾಡಿ ಎಳೆಯಬಾರದು.

3. ಗುರಿ ನಿಗದಿಗೆ ಮುನ್ನ ತಿಳಿಯಬೇಕಾದ ಲೆಕ್ಕ

3.1 ಒಳಾಂಗಣ ರೋಯಿಂಗ್‌ನಲ್ಲಿ ಸಾಮಾನ್ಯ ಅಳತೆಯು 2,000 ಮೀಟರ್ ಆಗಿದೆ. ಇಲ್ಲಿ ಹೊಸಬರು ಗಮನಿಸದ ಒಂದು ಅಂಶವಿದೆ. ಶಕ್ತಿಯು ವೇಗದ ಮೂರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗವು ಎರಡರಷ್ಟಾಗಬೇಕಾದರೆ ಶಕ್ತಿಯು ಎಂಟರಷ್ಟಾಗಬೇಕು. ಆದ್ದರಿಂದ "10 ಸೆಕೆಂಡು ಇಳಿಸುವುದು" ಎಂಬ ಮಾತು ಎಲ್ಲರಿಗೂ ಒಂದೇ ಬೆಲೆಯದ್ದಲ್ಲ. ಕಾನ್ಸೆಪ್ಟ್2 ಯಂತ್ರದ ಸೂತ್ರದಂತೆ 2,000 ಮೀಟರಿನ ಸಮಯಕ್ಕೆ (ನಿಮಿಷ:ಸೆಕೆಂಡು) ಬೇಕಾಗುವ ಸರಾಸರಿ ಶಕ್ತಿಯ ವಿವರ ಈ ಕೆಳಕಂಡಂತಿದೆ:

• 10:00ರಿಂದ 9:50ಕ್ಕೆ ಇಳಿಸಲು: 104 ವ್ಯಾಟ್‌ನಿಂದ 109 ವ್ಯಾಟ್, ಹೆಚ್ಚಳ 5
• 9:00ರಿಂದ 8:50ಕ್ಕೆ ಇಳಿಸಲು: 142 ವ್ಯಾಟ್‌ನಿಂದ 150 ವ್ಯಾಟ್, ಹೆಚ್ಚಳ 8
• 8:00ರಿಂದ 7:50ಕ್ಕೆ ಇಳಿಸಲು: 203 ವ್ಯಾಟ್‌ನಿಂದ 216 ವ್ಯಾಟ್, ಹೆಚ್ಚಳ 13
• 7:00ರಿಂದ 6:50ಕ್ಕೆ ಇಳಿಸಲು: 302 ವ್ಯಾಟ್‌ನಿಂದ 325 ವ್ಯಾಟ್; ಹೆಚ್ಚಳ 23

3.2 ಮೊದಲನೆಯವರ ಹತ್ತು ಸೆಕೆಂಡಿಗೂ ಕೊನೆಯವರ ಹತ್ತು ಸೆಕೆಂಡಿಗೂ ನಾಲ್ಕು ಪಟ್ಟಿಗಿಂತ ಹೆಚ್ಚಿನ ಅಂತರವಿದೆ. ಎತ್ತರ, ತೂಕ, ವಯಸ್ಸು ಮತ್ತು ಅಭ್ಯಾಸದ ಅವಧಿಗಳೂ ಫಲಿತಾಂಶದ ಮೇಲೆ ಪರಿಣಾಮ ಬೀರುತ್ತವೆ. ಈ ಕಾರಣದಿಂದ ಇಬ್ಬರ ಗುರಿಗಳನ್ನು ಪರಸ್ಪರ ಹೋಲಿಸುವುದರಲ್ಲಿ ಅರ್ಥವಿಲ್ಲ.

3.3 ನೆನಪಿನಲ್ಲಿಡಲು ಸುಲಭವಾದ ಲೆಕ್ಕ: ಶಕ್ತಿಯು ಶೇ. 3ರಷ್ಟು ಹೆಚ್ಚಿದರೆ ಸಮಯವು ಸುಮಾರು ಶೇ. 1ರಷ್ಟು ಇಳಿಯುತ್ತದೆ. ಹೊಸಬರು ಎಂಟು ವಾರಗಳಿಗೆ ಶೇ. 5ರಿಂದ 6ರಷ್ಟು ಹಾಗೂ ಅಭ್ಯಾಸವಿರುವವರು ಶೇ. 2ರಿಂದ 3ರಷ್ಟು ಶಕ್ತಿಯ ಹೆಚ್ಚಳವನ್ನು ಗುರಿಯಾಗಿ ಇಟ್ಟುಕೊಳ್ಳಬಹುದು. ಅದರಂತೆ 9:00 ನಿಮಿಷದ ಹೊಸಬರಿಗೆ ಸುಮಾರು 10 ಸೆಕೆಂಡು, 7:00 ನಿಮಿಷದ ಅನುಭವಿಗಳಿಗೆ ಸುಮಾರು 4 ಸೆಕೆಂಡು ಇಳಿಕೆಯು ಯೋಗ್ಯವಾದ ಗುರಿಯಾಗುತ್ತದೆ.

4. 61 ದಿನಗಳ ಅಭ್ಯಾಸ ಕ್ರಮ

ಜೂನ್ 1ರಿಂದ ಜುಲೈ 31ರವರೆಗಿನ ಅವಧಿಯು 5 ದಿನಗಳು ಮತ್ತು 8 ವಾರಗಳಾಗಿ ವಿಭಾಗವಾಗುತ್ತದೆ. ಇತರ ಸಮಯದಲ್ಲಿ ಪ್ರಾರಂಭಿಸುವವರೂ ಇದೇ ಕ್ರಮವನ್ನು ಅನುಸರಿಸಬಹುದು.

4.1 ಜೂನ್ 1ರಿಂದ 4: ದಿನಕ್ಕೆ 10ರಿಂದ 15 ನಿಮಿಷ ಎಳೆತದ ಕ್ರಮವನ್ನು ಮಾತ್ರ ಕಲಿಯುವುದು. ಈ ದಿನಗಳಲ್ಲಿ ಸಮಯವನ್ನು ನೋಡುವ ಅಗತ್ಯವಿಲ್ಲ.

4.2 ಜೂನ್ 5: ಆರಂಭಿಕ ಅಳತೆ. 2,000 ಮೀಟರನ್ನು ಒಂದೇ ಸಮನಾದ ವೇಗದಲ್ಲಿ ಕ್ರಮಿಸುವುದು. ಮುಗಿದಾಗ ಇನ್ನೂ ಒಂದು ನಿಮಿಷ ಎಳೆಯಬಲ್ಲೆ ಎನಿಸುವಷ್ಟು ಶಕ್ತಿ ಉಳಿದಿರತಕ್ಕದ್ದು. ಸಮಯ, ಡ್ಯಾಂಪರ್ ಸಂಖ್ಯೆ, ಎಳೆತದ ಸಂಖ್ಯೆ ಮತ್ತು ದಿನದ ಹೊತ್ತನ್ನು ಬರೆದಿಟ್ಟುಕೊಳ್ಳುವುದು. ಈ ಅಂಕಿಯೇ ಖಾತೆಯ ಆರಂಭ ಶಿಲ್ಕು.

4.3 ಜೂನ್ 6ರಿಂದ ವಾರಕ್ಕೆ 4 ದಿನ ಅಭ್ಯಾಸ: ಮೂರು ದಿನ ಹಗುರ, ಒಂದು ದಿನ ಬಿರುಸು. ಮೊದಲ ಎರಡು ವಾರ ನಾಲ್ಕೂ ದಿನ ಹಗುರವಾಗಿರಲಿ.

• 1 ಮತ್ತು 2ನೇ ವಾರ: 20 ನಿಮಿಷ, ನಿಮಿಷಕ್ಕೆ 18ರಿಂದ 20 ಎಳೆತ
• 3 ಮತ್ತು 4ನೇ ವಾರ: ಹಗುರ ದಿನ 25 ನಿಮಿಷ, ಬಿರುಸಿನ ದಿನ 500 ಮೀಟರಿನಂತೆ 4 ಬಾರಿ, ನಡುವೆ 3 ನಿಮಿಷ ವಿಶ್ರಾಂತಿ
• 5 ಮತ್ತು 6ನೇ ವಾರ: ಹಗುರ ದಿನ 30 ನಿಮಿಷ, ಬಿರುಸಿನ ದಿನ 750 ಮೀಟರಿನಂತೆ 3 ಬಾರಿ, ನಡುವೆ 4 ನಿಮಿಷ ವಿಶ್ರಾಂತಿ
• 7ನೇ ವಾರ: ಹಗುರ ದಿನ 30 ನಿಮಿಷ, ಬಿರುಸಿನ ದಿನ 1,000 ಮೀಟರಿನಂತೆ 2 ಬಾರಿ, ನಡುವೆ 5 ನಿಮಿಷ ವಿಶ್ರಾಂತಿ
• 8ನೇ ವಾರ: 20 ನಿಮಿಷದ ಹಗುರ ಅಭ್ಯಾಸ 3 ದಿನ, ನಂತರ 2 ದಿನ ಪೂರ್ಣ ವಿಶ್ರಾಂತಿ, ಕೊನೆಯ ದಿನವಾದ ಜುಲೈ 31ರಂದು ಅಂತಿಮ ಅಳತೆ

4.4 ಉದಾಹರಣೆ: ಆರಂಭಿಕ ಅಳತೆ 9:00, ಗುರಿ 8:50 ಇರುವವರಿಗೆ ಗುರಿಯ ವೇಗವು 500 ಮೀಟರಿಗೆ 2:12.5 ಆಗುತ್ತದೆ. ಬಿರುಸಿನ ದಿನ ಇದೇ ವೇಗವನ್ನು ಕಾಯ್ದುಕೊಳ್ಳಬೇಕು. ಅದಕ್ಕಿಂತ ವೇಗವಾಗಿ ಹೋಗುವ ಅಗತ್ಯವಿಲ್ಲ. ಹಗುರ ದಿನ 2:35ರಿಂದ 2:40ರ ವೇಗ ಸಾಕು. ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾದರೆ ಅದು ಹಗುರ ಅಭ್ಯಾಸವೆಂದು ತಿಳಿಯುವುದು.

4.5 ಅಂತಿಮ ಅಳತೆಯನ್ನು ಅದೇ ಯಂತ್ರದಲ್ಲಿ, ಅದೇ ಡ್ಯಾಂಪರ್ ಸಂಖ್ಯೆಯಲ್ಲಿ, ಅದೇ ಹೊತ್ತಿನಲ್ಲಿ ಹಾಗೂ ಅದೇ ನಿಯಮದಂತೆ ಮಾಡತಕ್ಕದ್ದು. ಬೇರೆ ಬೇರೆ ತಯಾರಿಕೆಯ ಯಂತ್ರಗಳ ಅಂಕಿಗಳನ್ನು ಹೋಲಿಸಬಾರದು. ಮೊದಲ 500 ಮೀಟರನ್ನು ಉತ್ಸಾಹದಿಂದ ಅತಿ ವೇಗವಾಗಿ ಎಳೆದವರು ಮೂರನೆಯ 500 ಮೀಟರಿನಲ್ಲಿ ಅದರ ಬೆಲೆ ತೆರುತ್ತಾರೆ.

5. ಗುರಿಯ ಪರಿಷ್ಕರಣೆ

5.1 ಗುರಿಯಲ್ಲಿ ಎರಡು ಬಗೆ: ಫಲಿತಾಂಶದ ಗುರಿ (ಉದಾ: 8:50) ಮತ್ತು ಹಾಜರಾತಿಯ ಗುರಿ. ಎಂಟು ವಾರಗಳಲ್ಲಿ ಅಂತಿಮ ಅಳತೆಯೂ ಸೇರಿ 32 ದಿನಗಳ ಅಭ್ಯಾಸವಿದೆ. ಇದರಲ್ಲಿ 28 ದಿನ ಹಾಜರಾದವರು ಹಾಜರಾತಿಯ ಗುರಿ ಮುಟ್ಟಿದಂತೆ. ಎರಡನೆಯದು ಪೂರ್ಣವಾಗಿ ನಮ್ಮ ಕೈಯಲ್ಲಿರುವುದರಿಂದ ಮೊದಲು ಅದನ್ನೇ ಪರಿಶೀಲಿಸುವುದು.

5.2 ಹಾಜರಾತಿ ಇದ್ದು ಗುರಿ ಮುಟ್ಟಿದ್ದಲ್ಲಿ: ಹೊಸ ಅಂಕಿಯನ್ನು ಆರಂಭಿಕ ಅಳತೆಯೆಂದು ಪರಿಗಣಿಸಿ, ಮುಂದಿನ ಅವಧಿಗೆ ಶಕ್ತಿಯ ಹೆಚ್ಚಳವನ್ನು ಶೇ. 2ರಿಂದ 3ಕ್ಕೆ ಸೀಮಿತಗೊಳಿಸುವುದು. ಮೊದಲ ಅವಧಿಯ ಇಳಿಕೆಯಲ್ಲಿ ಎಳೆತದ ಕ್ರಮ ಕಲಿತದ್ದರ ಪಾಲು ದೊಡ್ಡದು. ಅದು ಪ್ರತಿ ಬಾರಿಯೂ ದೊರೆಯುವುದಿಲ್ಲ.

5.3 ಹಾಜರಾತಿ ಇದ್ದೂ ಗುರಿ ಮುಟ್ಟದಿದ್ದಲ್ಲಿ: ಗುರಿಯನ್ನು ಅರ್ಧಕ್ಕೆ ಇಳಿಸಿ ಅವಧಿಯನ್ನು ಪುನರಾವರ್ತಿಸುವುದು. ನಿದ್ರೆ, ಆಹಾರ ಮತ್ತು ಹಗುರ ದಿನಗಳು ನಿಜವಾಗಿಯೂ ಹಗುರವಾಗಿದ್ದವೇ ಎಂಬುದನ್ನು ಪರಿಶೀಲಿಸುವುದು.

5.4 ಹಾಜರಾತಿ ಇಲ್ಲದಿದ್ದಲ್ಲಿ: ಸಮಯದ ಗುರಿಯನ್ನು ಬದಲಿಸದೆ, ವಾರಕ್ಕೆ 3 ದಿನದ ಹಾಜರಾತಿಯನ್ನು ಮೊದಲು ಸಾಧಿಸುವುದು. ತಪ್ಪಿದ ದಿನಗಳನ್ನು ಒಂದೇ ವಾರದಲ್ಲಿ ತುಂಬಿಸಲು ಯತ್ನಿಸಬಾರದು.

6. ಆರೋಗ್ಯ ಮತ್ತು ಸುರಕ್ಷತೆ

6.1 ನಲವತ್ತು ವರ್ಷ ಮೀರಿದವರು, ರಕ್ತದೊತ್ತಡ, ಮಧುಮೇಹ, ಹೃದಯ ಅಥವಾ ಬೆನ್ನಿನ ತೊಂದರೆ ಇರುವವರು ಹಾಗೂ ಗರ್ಭಿಣಿಯರು ವೈದ್ಯರ ಸಲಹೆ ಪಡೆದ ನಂತರವೇ ಪ್ರಾರಂಭಿಸತಕ್ಕದ್ದು. ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಅಥವಾ ಅಂಕೋಲಾ ತಾಲ್ಲೂಕು ಆಸ್ಪತ್ರೆಯಲ್ಲಿ ಸಲಹೆ ಪಡೆಯಬಹುದು.

6.2 ಜ್ವರವಿದ್ದಾಗ ಅಭ್ಯಾಸ ಮಾಡಬಾರದು. ಮಳೆಗಾಲದ ಜ್ವರವು ಇಲಿಜ್ವರ ಅಥವಾ ಡೆಂಗಿಯ ಲಕ್ಷಣವಾಗಿರಬಹುದಾದ್ದರಿಂದ ತಪಾಸಣೆ ಅಗತ್ಯ. ಎದೆನೋವು, ತಲೆಸುತ್ತು ಅಥವಾ ಕಾಲಿಗೆ ಇಳಿಯುವ ಸೊಂಟನೋವು ಕಂಡುಬಂದಲ್ಲಿ ತಕ್ಷಣ ನಿಲ್ಲಿಸುವುದು. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡುವುದು.

6.3 ಕರಾವಳಿಯ ತೇವಭರಿತ ಹವೆಯಲ್ಲಿ ಬೆವರು ಬೇಗ ಆರುವುದಿಲ್ಲ. ದೇಹದ ಕಾವೂ ಬೇಗ ಇಳಿಯುವುದಿಲ್ಲ. ಕಿಟಕಿ ತೆರೆದಿರಲಿ. ಅಭ್ಯಾಸದ ನಂತರ ನೀರಿನೊಡನೆ ಉಪ್ಪು ಬೆರೆಸಿದ ಗಂಜಿ ತಿಳಿ ಅಥವಾ ಮಜ್ಜಿಗೆ ಸೇವಿಸಬಹುದು.

6.4 ಉಪ್ಪುಗಾಳಿಯಿಂದ ಸರಪಳಿಗೆ ತುಕ್ಕು ಹಿಡಿಯುವ ಸಂಭವವಿದೆ. ಆಸನ ಜಾರುವ ಹಳಿಯನ್ನು ಪ್ರತಿದಿನ ಒರೆಸಿ, ಪ್ರತಿ 50 ಗಂಟೆಗಳ ಬಳಕೆಗೊಮ್ಮೆ ಸರಪಳಿಗೆ ಎಣ್ಣೆ ಹಚ್ಚತಕ್ಕದ್ದು.

7. ಸಾಮಾನ್ಯವಾಗಿ ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆ: ಬಾಲ್ಯದಿಂದ ಪಾತಿದೋಣಿಗೆ ಹುಟ್ಟು ಹಾಕಿದವರಿಗೆ ಯಂತ್ರವು ಸುಲಭವೇ?
ಉತ್ತರ: ತೋಳು ಮತ್ತು ಹಿಡಿತದ ಬಲವು ಉಪಯೋಗಕ್ಕೆ ಬರುತ್ತದೆ. ಆದರೆ ಪಾತಿದೋಣಿಯಲ್ಲಿ ಆಸನವು ಜಾರುವುದಿಲ್ಲ. ಯಂತ್ರದಲ್ಲಿ ಬಲದ ಹೆಚ್ಚಿನ ಭಾಗವು ಕಾಲುಗಳಿಂದ ಬರಬೇಕು. ಹಳೆಯ ರೂಢಿಯಂತೆ ತೋಳು, ಬೆನ್ನುಗಳಿಂದಲೇ ಎಳೆದರೆ ಬೇಗ ದಣಿವಾಗುತ್ತದೆ.

ಪ್ರಶ್ನೆ: ನೌಕಾಪಡೆಯ ನೇಮಕಾತಿಗೆ ಈ ಸಮಯವನ್ನು ಪರಿಗಣಿಸಲಾಗುತ್ತದೆಯೇ?
ಉತ್ತರ: ಇಲ್ಲ. ನಾವಿಕರ ದೈಹಿಕ ಪರೀಕ್ಷೆಯು ಓಟ, ಬೈಠಕ್, ಪುಷ್-ಅಪ್ ಮುಂತಾದವುಗಳನ್ನು ಒಳಗೊಂಡಿರುತ್ತದೆ. ಆಯಾ ವರ್ಷದ ಅಧಿಸೂಚನೆಯನ್ನು ಓದಿಕೊಳ್ಳುವುದು. ರೋಯಿಂಗ್ ಯಂತ್ರವು ಉಸಿರಿನ ಶಕ್ತಿಯನ್ನು ಕಾಯ್ದುಕೊಳ್ಳಲು ನೆರವಾಗುತ್ತದೆಯಾದರೂ ಓಟದ ಅಭ್ಯಾಸವನ್ನು ಬಿಡಬಾರದು.

ಪ್ರಶ್ನೆ: ತಡವಾಗಿ ಪ್ರಾರಂಭಿಸಿದವರು ಈ ಕ್ರೀಡೆಯಲ್ಲಿ ಮುಂದೆ ಬರಬಹುದೇ?
ಉತ್ತರ: ಬರಬಹುದು. ನೆರೆಯ ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ದತ್ತು ಭೋಕನಳ ಅವರು 2012ರಲ್ಲಿ ಸೇನೆಗೆ ಸೇರಿದ ನಂತರವೇ ರೋಯಿಂಗ್ ಕಲಿತು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೇ ಸ್ಥಾನ ಗಳಿಸಿದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ತಂಡದೊಡನೆ ಚಿನ್ನದ ಪದಕ ಪಡೆದರು.

ಪ್ರಶ್ನೆ: ಸಮುದ್ರದಲ್ಲಿ ನಡೆಯುವ ರೋಯಿಂಗ್ ಸ್ಪರ್ಧೆ ಇದೆಯೇ?
ಉತ್ತರ: ಇದೆ. ಕಡಲತೀರದಿಂದ ಓಡಿ ದೋಣಿ ಏರಿ, ಸಮುದ್ರದಲ್ಲಿ ಎಳೆದು ತೀರಕ್ಕೆ ಮರಳುವ ಬೀಚ್ ಸ್ಪ್ರಿಂಟ್ ಸ್ಪರ್ಧೆಯನ್ನು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿಸಲಾಗಿದೆ. ಕಡಲನ್ನು ಬಲ್ಲ ನಮ್ಮ ಯುವಜನರು ಈ ಬೆಳವಣಿಗೆಯನ್ನು ಗಮನಿಸುವುದು ಒಳ್ಳೆಯದು.

8. ವಿಶೇಷ ಸೂಚನೆ

ಮುಂಗಾರಿನ ಅವಧಿಯಲ್ಲಿ ಅಭ್ಯಾಸದ ಸಲುವಾಗಿ ನದಿ ಅಥವಾ ಸಮುದ್ರಕ್ಕೆ ದೋಣಿ ಇಳಿಸಬಾರದು. ಈ ಪುಟದ ಮಾಹಿತಿಯನ್ನು ಬಳಸಲು ಯಾವುದೇ ಅರ್ಜಿ ಅಥವಾ ಶುಲ್ಕದ ಅಗತ್ಯವಿರುವುದಿಲ್ಲ. ಒಂದು ನೋಟ್‌ಪುಸ್ತಕ ಸಾಕು: ದಿನಾಂಕ, ದೂರ, ಸಮಯ, ಎಳೆತದ ಸಂಖ್ಯೆ ಮತ್ತು ದೇಹಸ್ಥಿತಿ ಎಂಬ ಐದು ಅಂಕಣಗಳನ್ನು ಹಾಕಿ ಅಂದಂದಿನ ವಿವರವನ್ನು ಅಂದೇ ಬರೆಯುವುದು. ಮುಂದೆ ತರಬೇತುದಾರರನ್ನಾಗಲೀ ವೈದ್ಯರನ್ನಾಗಲೀ ಭೇಟಿ ಮಾಡುವಾಗ ಈ ಪುಸ್ತಕವನ್ನು ಜೊತೆಯಲ್ಲಿ ಕೊಂಡೊಯ್ಯಲು ಕೋರಲಾಗಿದೆ.