ಒಡೆದ ಹೃದಯ: ದೊರೆ ಎರಡನೇ ಜಾರ್ಜ್‌ನ ಸಾವು, 1760

ಅಕ್ಟೋಬರ್ 25ರ ಬೆಳಗ್ಗೆ ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ 76 ವರ್ಷದ ದೊರೆ ಎಂದಿನಂತೆ ಬಿಸಿ ಚಾಕೊಲೇಟ್ ಕುಡಿದು ಶೌಚದ ಕೋಣೆಗೆ ಹೋದ. ತುಸು ಹೊತ್ತಿನಲ್ಲೇ ಸದ್ದು ಕೇಳಿ ಸೇವಕ ಒಳನುಗ್ಗಿದ. ದೊರೆ ನೆಲಕ್ಕುರುಳಿದ್ದ.

ಶವಪರೀಕ್ಷೆ ನಡೆಸಿದವರು ವೈದ್ಯ ಫ್ರ್ಯಾಂಕ್ ನಿಕೋಲ್ಸ್. ಹೃದಯದ ಹೊರಚೀಲದಲ್ಲಿ ಸುಮಾರು ಅರ್ಧ ಲೀಟರ್ ಹೆಪ್ಪುಗಟ್ಟಿದ ರಕ್ತವಿತ್ತು. ಬಲ ಹೃತ್ಕುಕ್ಷಿಯ ಗೋಡೆಯಲ್ಲಿ ತೂತು ಬಿದ್ದಿತ್ತು. ಮಹಾಪಧಮನಿಯ ಒಳಮೈಯಲ್ಲಿ ಒಂದೂವರೆ ಇಂಚಿನ ಅಡ್ಡ ಸೀಳು. ಚೀಲದೊಳಗೆ ತುಂಬಿದ ರಕ್ತ ಹೊರಗಿನಿಂದ ಅದುಮಿದ್ದರಿಂದ ಹೃತ್ಕುಕ್ಷಿಗಳು ಬರಿದಾಗಿದ್ದವು.

ಏಕೆ ಒಡೆಯುತ್ತದೆ?
ಇಂದು ಮುಖ್ಯ ಕಾರಣ ಹೃದಯಾಘಾತ. ರಕ್ತ ಸಿಗದೆ ಸತ್ತ ಸ್ನಾಯು ಮೆತ್ತಗಾಗಿ, ಹೆಚ್ಚಾಗಿ ಮೊದಲ ವಾರದಲ್ಲೇ, ಒತ್ತಡ ತಾಳದೆ ಹರಿಯುತ್ತದೆ. ಎದೆಗೆ ಬಿದ್ದ ಭಾರಿ ಪೆಟ್ಟಿನಿಂದಲೂ ಹೀಗಾಗಬಹುದು. ಮುಚ್ಚಿದ ರಕ್ತನಾಳವನ್ನು ಬೇಗನೆ ತೆರೆಯುವ ಚಿಕಿತ್ಸೆ ಬಂದ ಮೇಲೆ ಇದು ಅಪರೂಪವಾಗಿದೆ.

ಪತ್ತೆ ಹೇಗೆ?
ರಕ್ತದೊತ್ತಡ ದಿಢೀರನೆ ಕುಸಿಯುತ್ತದೆ, ಕತ್ತಿನ ಸಿರೆಗಳು ಉಬ್ಬುತ್ತವೆ, ಎದೆಬಡಿತದ ಸದ್ದು ಕ್ಷೀಣಿಸುತ್ತದೆ. ನಿಕೋಲ್ಸ್ ಕತ್ತರಿಸಿ ಕಂಡದ್ದನ್ನು ಈಗ ಎಕೋ ಯಂತ್ರ ಹಾಸಿಗೆಯ ಪಕ್ಕದಲ್ಲೇ ನಿಮಿಷಗಳಲ್ಲಿ ತೋರಿಸುತ್ತದೆ. ಉಳಿಸುವ ದಾರಿ ತುರ್ತು ಶಸ್ತ್ರಚಿಕಿತ್ಸೆ.