ತೂಬಿಗೆ ಕೈ ಬೇಕು, ಕೋಡಿಗೆ ಬೇಡ

"ಏನಪ್ಪಾ, ನಮ್ಮ ಹಾಲ್‌ನಲ್ಲಿ ಮಳೆ ಬರ್ತಿದೆ!" ಕೆಳಗಿನ ಮನೆ ಆಂಟಿ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿದ್ದೆ. ಕರೆಂಟು ಹೋಗಿ ಬಂದಿತ್ತು. ನನ್ನ ಮೀನಿನ ತೊಟ್ಟಿಯಲ್ಲಿ ಪಂಪು ಮತ್ತೆ ಶುರುವಾಗಿತ್ತು, ಸೈಫನ್ ಆಗಿರಲಿಲ್ಲ.

ಬೆಂಗಳೂರಿನವರಿಗೆ ಸಂಪು ಗೊತ್ತಲ್ಲ, ಇದೂ ಹಾಗೇ. ಕೆಳಗೊಂದು ಸಂಪು, ಅಲ್ಲಿಂದ ಪಂಪು ನೀರನ್ನು ಮೇಲಿನ ತೊಟ್ಟಿಗೆ ತಳ್ಳುತ್ತೆ. ಹೆಚ್ಚಾದ ನೀರು ವಾಪಸ್ ಇಳಿಯೋ ದಾರಿಯೇ ಓವರ್‌ಫ್ಲೋ. ಹೊಸ ತೊಟ್ಟಿಗೆ ಯಾವ ಓವರ್‌ಫ್ಲೋ ಹಾಕಿಸಲಿ ಅಂತ ಹುಡುಕುತ್ತಾ ಹೋದವನು ವಿಕ್ಟೋರಿಯಾ ರಾಣಿಯ ಕಾಲಕ್ಕೆ ಹೋಗಿ ನಿಂತೆ.

ಲಂಡನ್ನಿನ ಮೃಗಾಲಯದಲ್ಲಿ 1853ರಲ್ಲಿ ಮೀನುಮನೆ ತೆರೆಯಿತು. ಮನೆಗಳಲ್ಲೂ ಗಾಜಿನ ತೊಟ್ಟಿಯ ಹುಚ್ಚು ಹತ್ತಿತು. ಗಿಡವೇ ನೀರನ್ನು ಸರಿಯಾಗಿಡುತ್ತೆ ಅಂತ ಆಗ ಬಹಳ ಜನ ನಂಬಿದ್ದರು. ಅಕ್ವೇರಿಯಂ ಅಂಗಡಿ ಇಟ್ಟಿದ್ದ ವಿಲಿಯಂ ಆಲ್ಫರ್ಡ್ ಲಾಯ್ಡ್‌ಗೆ ನೀರು ಓಡಾಡಬೇಕು ಅನ್ನಿಸಿತು. 1871ರಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಅವನು ರೂಪಿಸಿದ ಅಕ್ವೇರಿಯಂ ಕೆಳಗೆ ದೊಡ್ಡ ಸಂಪಿತ್ತು. ಉಗಿಯಂತ್ರ ಸಮುದ್ರದ ನೀರನ್ನು ಮೇಲೆತ್ತುತ್ತಿತ್ತು. ಅದು ತೊಟ್ಟಿಯಿಂದ ತೊಟ್ಟಿಗೆ ತುಂಬಿ ಹರಿದು ಸಂಪಿಗೇ ಮರಳುತ್ತಿತ್ತು. ಹೀಗೆ ಅಂಚು ದಾಟಿ ಹರಿಯೋ ನೀರಿಗೆ ಯಂತ್ರ ನಿಂತರೂ ಭಯವಿಲ್ಲ. ಮಟ್ಟ ಅಂಚಿಗೆ ಇಳಿದು ನಿಲ್ಲುತ್ತೆ, ಅಷ್ಟೆ.

ನಾನು ಕೊಂಡಿದ್ದು ಗಾಜು ಕೊರೆಯದೆ ಅಂಚಿಗೆ ನೇತುಹಾಕೋ ಡಬ್ಬ. ಅದು ಸೈಫನ್ ಮೇಲೆ ನಡೆಯುತ್ತೆ. ಸೈಫನ್ ಹಳೇ ವಿದ್ಯೆಯೇ. ಸುಮಾರು 2000 ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯದ ಹೆರಾನ್ ಅದರ ಬಗ್ಗೆ ಬರೆದಿದ್ದ. ಆದರೆ ಕೊಳವೆಯಲ್ಲಿ ಗಾಳಿ ತುಂಬಿಕೊಂಡರೆ ಹರಿವು ನಿಂತೇಹೋಗುತ್ತೆ. ಮತ್ತೆ ಶುರು ಮಾಡೋಕೆ ಯಾರಾದರೂ ಮನೆಯಲ್ಲಿರಬೇಕು.

ನಮ್ಮ ಕೆರೆ ಕಟ್ಟಿದವರು ಇದನ್ನು ಎರಡು ಭಾಗ ಮಾಡಿದ್ದರು. ತೂಬು ತೆಗೆಯೋಕೆ ನೀರುಗಂಟಿ ಬರಬೇಕು. ಕೋಡಿಗೆ ಯಾರೂ ಬೇಡ. ಏರಿಗಿಂತ ತಗ್ಗಿನಲ್ಲಿರೋ ಅದು, ಕೆರೆ ತುಂಬಿದರೆ ನಡುರಾತ್ರಿಯಲ್ಲೂ ತಾನಾಗಿ ಹರಿದು ಏರಿಯನ್ನು ಉಳಿಸುತ್ತೆ.

ಹಾಗಾಗಿ ಈ ಸಲ ಕೊರೆದ ತೊಟ್ಟಿಯನ್ನೇ ಮಾಡಿಸಿದೆ. (ಟಫನ್ಡ್ ಗಾಜು ಕೊರೆದರೆ ಪುಡಿಯಾಗುತ್ತೆ, ಮೊದಲೇ ಕೇಳಿಕೊಳ್ಳಿ.) ಎರಡು ಪೈಪು: ವಾಲ್ವ್ ತಿರುಗಿಸಿ ಹದ ಮಾಡೋದೊಂದು, ಅದಕ್ಕಿಂತ ಸ್ವಲ್ಪ ಎತ್ತರದಲ್ಲಿ ಸದಾ ತೆರೆದೇ ಇರೋದೊಂದು. ಒಂದು ತೂಬು, ಇನ್ನೊಂದು ಕೋಡಿ. ಪಂಪು ಆಫ್ ಮಾಡಿ, ಇಳಿದು ಬಂದ ನೀರೆಲ್ಲ ಸಂಪಿನಲ್ಲಿ ಹಿಡಿಯುತ್ತಾ ಅಂತಲೂ ನೋಡಿದೆ.

ಎರಡನೇ ಪೈಪು ಒಣಗಿಯೇ ನಿಂತಿದೆ. ಆಂಟಿ ಮನೆಯ ಚಾವಣಿಯೂ.